ಸಕ್ಕರೆ ಕಾಯಿಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಪ್ಪನಿಗೆ ಎಪ್ಪತ್ತು ದಾಟಿದೆ. ದಿನಾ ಬೆಳಿಗ್ಗೆ ಬಾಟಲಿಯಿಂದ 20 ಯೂನಿಟ್ ಇನ್ಸುಲಿನ್ ತೆಗೆದು ಚುಚ್ಚುತ್ತೇವೆ. ಹೋದ ವಾರ ಸಿರಿಂಜ್ ಆನ್‌ಲೈನಿನಲ್ಲಿ ತರಿಸಿದೆವು. ಅವತ್ತಿನಿಂದ ಶುಗರ್ 300ರಿಂದ ಇಳಿಯುತ್ತಿಲ್ಲ. ವಾಟ್ಸ್‌ಆಪ್ ಗುಂಪಿನಲ್ಲಿ ‘ನಾಲ್ಕು ಯೂನಿಟ್ ಏರಿಸಿ’ ಎನ್ನುತ್ತಿದ್ದಾರೆ. ಏರಿಸಬಹುದೇ?
— ಓದುಗರು, ವಿಜಯನಗರ

ಉತ್ತರ: ಏರಿಸಬೇಡಿ. ಮೊದಲು ಸಿರಿಂಜಿನ ಮುಚ್ಚಳದ ಬಣ್ಣ ನೋಡಿ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ ಯು-40 ಸಿರಿಂಜೇ ಬೇಕು. ಕಿತ್ತಳೆ ಮುಚ್ಚಳದ್ದು ಯು-100. ಅದರಲ್ಲಿ 20ರ ಗೆರೆಯವರೆಗೆ ಎಳೆದರೆ ಬರುವುದು 0.2 ಎಂಎಲ್. 40ರ ಇನ್ಸುಲಿನ್‌ನಲ್ಲಿ ಅದು ಬರೀ 8 ಯೂನಿಟ್. ಇನ್ಸುಲಿನ್ ಕೆಟ್ಟಿಲ್ಲದೆಯೂ ಶುಗರ್ ಏರುವುದು ಹೀಗೆ.

ಇದರ ತಿರುವುಮುರುವು ಇನ್ನೂ ಅಪಾಯ. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ನಲ್ಲಿ ಸಾಮಾನ್ಯವಾಗಿ 100ರ ಇನ್ಸುಲಿನ್ ಇರುತ್ತದೆ. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಿಂದ 20ರ ಗೆರೆಗೆ ಎಳೆದರೆ 50 ಯೂನಿಟ್ ಒಳಗೆ ಹೋಗುತ್ತದೆ. ಆರ್ಡರ್ ಮಾಡುವಾಗ ‘ಇನ್ಸುಲಿನ್ ಸಿರಿಂಜ್’ ಎಂದಷ್ಟೇ ಹುಡುಕಬೇಡಿ. ಬಾಟಲಿಯ ಮೇಲಿನ ‘40 ಐಯು/ಎಂಎಲ್’ ಮತ್ತು ಸಿರಿಂಜಿನ ಮೇಲಿನ ‘ಯು-40’ ಎರಡನ್ನೂ ಓದಿ ತಾಳೆ ಹಾಕಿ.

ಸಿರಿಂಜ್ ಬದಲಿಸುವ ಮುನ್ನ ವೈದ್ಯರಿಗೆ ಅಂದೇ ಫೋನ್ ಮಾಡಿ. ಈ ವಾರದಲ್ಲಿ ಡೋಸ್ ಏರಿಸಿದ್ದರೆ, ಸರಿಯಾದ ಸಿರಿಂಜಿಗೆ ಬಂದ ದಿನವೇ ಅದು ಅತಿಯಾಗುತ್ತದೆ. ವಾಂತಿ, ಏದುಸಿರು, ಮಂಪರು ಕಂಡರೆ ಫೋನಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬೆವರು, ನಡುಕ ಬಂದು ಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಪ್ರಶ್ನೆ: ಊಟವಾಗಿ ಎರಡು ಗಂಟೆಗೆ ನನ್ನ ಮೀಟರ್ 212 ಎಂದಿತು, ಮನೆಗೆ ಬಂದು ರಕ್ತ ಒಯ್ದ ಲ್ಯಾಬಿನವರು 174 ಎಂದರು. ಆಪ್‌ನಲ್ಲಿ ಯಾವುದನ್ನು ಬರೆದಿಡಲಿ?
— ಓದುಗರು, ರಾಜಾಜಿನಗರ

ಉತ್ತರ: ಎರಡನ್ನೂ, ಆದರೆ ಯಾವುದು ಎಲ್ಲಿಯದೆಂದು ಗುರುತು ಹಾಕಿ. ಊಟದ ನಂತರ ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ಹೆಚ್ಚೇ ಇರುತ್ತದೆ. ಅಂಗಾಂಶಗಳು ಒಂದಿಷ್ಟು ಹೀರಿಕೊಂಡ ಮೇಲೆ ರಕ್ತ ತೋಳಿನ ರಕ್ತನಾಳಕ್ಕೆ ಬರುವುದು. ಮೀಟರ್ ಪರೀಕ್ಷಿಸಬೇಕೆಂದರೆ ಖಾಲಿ ಹೊಟ್ಟೆಯಲ್ಲಿ, ಲ್ಯಾಬಿನವರು ಸೂಜಿ ಹಾಕಿದ ಐದು ನಿಮಿಷದೊಳಗೆ ಬೆರಳು ಚುಚ್ಚಿ ನೋಡಿ. ಲ್ಯಾಬ್ 120 ಎಂದರೆ ಮೀಟರ್ 102ರಿಂದ 138ರೊಳಗಿದ್ದರೆ ಸಾಕು. ಶೇ. 15ರ ಹಿಂದುಮುಂದನ್ನು ಮೀಟರಿನ ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ.

ಇನ್ನೊಂದು ಸಂಗತಿ ಬೆಂಗಳೂರಿನವರು ಗಮನಿಸಲೇಬೇಕು. ಟ್ಯೂಬಿನಲ್ಲಿರುವ ರಕ್ತಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ: ಗಂಟೆಗೆ ಸುಮಾರು ಶೇ. 5ರಿಂದ 7. ಸ್ಯಾಂಪಲ್ ಬೈಕಿನಲ್ಲಿ ಟ್ರಾಫಿಕ್‌ಗೆ ಸಿಕ್ಕಿದಷ್ಟೂ ಅಂಕಿ ಇಳಿಯುತ್ತದೆ. ಶುಗರ್‌ಗೆ ಬೂದು ಮುಚ್ಚಳದ ಟ್ಯೂಬನ್ನೇ ಬಳಸುತ್ತಿದ್ದಾರೆಯೇ ಕೇಳಿ. ಅದರಲ್ಲಿರುವ ಫ್ಲೋರೈಡ್ ಈ ನಷ್ಟವನ್ನು ತಗ್ಗಿಸುತ್ತದೆ.

ಮನೆಯಲ್ಲಿ ಆಗುವ ತಪ್ಪೂ ಉಂಟು. ಮಾವಿನಹಣ್ಣು ಹೆಚ್ಚಿದ ಕೈಯಲ್ಲೇ ಚುಚ್ಚಿಕೊಂಡರೆ ಅಂಕಿ ಹಾರುತ್ತದೆ. ಸೋಪು ಹಚ್ಚಿ ತೊಳೆದು, ಪೂರ್ತಿ ಒರೆಸಿಕೊಂಡು, ಬೆರಳ ಪಕ್ಕಕ್ಕೆ ಚುಚ್ಚಿ, ಜೋರಾಗಿ ಹಿಂಡಬೇಡಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ತಾಗಿ ಸ್ಟ್ರಿಪ್ ಕೆಡುತ್ತದೆ.

ಪ್ರಶ್ನೆ: ವಿದೇಶದ ಆನ್‌ಲೈನ್ ಗುಂಪಿನಲ್ಲಿ ಎಲ್ಲರ ಶುಗರ್ 6, 7 ಎಂದಿರುತ್ತದೆ. ನನ್ನದು 126!
— ಓದುಗರು, ಬಸವನಗುಡಿ

ಉತ್ತರ: ಗಾಬರಿ ಬೇಡ. ಅವರ ಅಳತೆ ಮಿಲಿಮೋಲ್, ನಮ್ಮದು ಮಿಲಿಗ್ರಾಂ (ಎಂಜಿ/ಡಿಎಲ್). ಅವರದನ್ನು 18ರಿಂದ ಗುಣಿಸಿ. ಅವರ 7 ಎಂದರೆ ನಿಮ್ಮ 126. ಆದರೆ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯಲ್ಲಿ 7 ಎಂದಿದ್ದರೆ ಅದು ಬೇರೆ: ಎರಡು-ಮೂರು ತಿಂಗಳ ಸರಾಸರಿ ಶುಗರ್ 154ರ ಆಸುಪಾಸು. ಆಪ್ ಹಾಕಿಕೊಂಡಾಗ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ‘ಎಂಜಿ/ಡಿಎಲ್’ ಆರಿಸಿ.