ಕೀಲಿಕೈ ಕೊಟ್ಟರೆ ಫಿಟ್ಸ್ ನಿಲ್ಲುತ್ತಾ?

ಪ್ರಶ್ನೆ: ಕಬ್ಬಿನ ಹೊಲದಲ್ಲಿ ತಮ್ಮನಿಗೆ ಮೊದಲ ಸಲ ಫಿಟ್ಸ್ ಬಂತು. ಕಾಕಾ ಕೈಗೆ ಕೀಲಿಕೈ ಕೊಟ್ಟರು, ಮೂಗಿಗೆ ಉಳ್ಳಾಗಡ್ಡಿ ಹಿಡಿದರು, ನಿಂತಿತು. ಗಾಳಿ ಸೋಕಿದೆ ಅಂತಾರೆ, ಹೌದಾ ಡಾಕ್ಟರ್?
– ಓದುಗರು, ಮುಧೋಳ

ಉತ್ತರ: ಗಾಳಿಯೂ ಅಲ್ಲ, ದೆವ್ವವೂ ಅಲ್ಲ. ಮಿದುಳಿನಲ್ಲಿ ಹರಿಯುವ ವಿದ್ಯುತ್ ಒಮ್ಮೆಲೇ ಅಡ್ಡಾದಿಡ್ಡಿ ಆದಾಗ ಮೈ ಸೆಟೆದು ಅದುರುತ್ತದೆ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಅದು ತಾನೇ ನಿಲ್ಲುತ್ತದೆ, ಹೆಸರು ಮಾತ್ರ ಸುಮ್ನೆ ಕೀಲಿಕೈಗೆ! ಮತ್ತೆ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕುಡಗೋಲು ಗಿಡಗೋಲು ದೂರ ಸರಿಸಿ, ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ, ಗಟ್ಟಿಯಾಗಿ ಒತ್ತಿ ಹಿಡಿಯಬೇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಒಮ್ಮೆ ಬಂದ ಮಾತ್ರಕ್ಕೆ ಮೂರ್ಛೆರೋಗ ಎನ್ನಲಾಗದು, ಆದರೂ ನರರೋಗ ತಜ್ಞರಿಗೆ ತೋರಿಸಲೇಬೇಕು. ಅಲ್ಲಿಯವರೆಗೆ ಬಾವಿ ಈಜು, ಟ್ರ್ಯಾಕ್ಟರ್ ಹೊಡೆಯೋದು ಬೇಡ.