ಜಾಗವೇ ಇಲ್ಲದವರಿಗೆ ಲೈಫ್ ಮನೆ ಸಿಗುತ್ತದೆಯೇ?

ಕಾಸರಗೋಡು ಜಿಲ್ಲೆಯ ಪೈವಳಿಕೆಯಲ್ಲಿ ಬೀಡಿ ಕಟ್ಟಿಕೊಂಡು ಬಾಡಿಗೆ ಮನೆಯಲ್ಲಿರುವ ನಿಮ್ಮ ಚಿಕ್ಕಮ್ಮನಿಗೆ ಒಂದು ಸೆಂಟ್ಸ್ ಜಾಗವೂ ಇಲ್ಲ, ಅವರಿಗೆ ಕೇರಳ ಸರಕಾರದ ವಸತಿ ಯೋಜನೆಯಾದ ಲೈಫ್‌ನಲ್ಲಿ ಮನೆ ಸಿಕ್ಕೀತೇ, ಅದರಲ್ಲಿ ಕೊಡುವ 4 ಲಕ್ಷದಲ್ಲಿ ಮನೆ ಮುಗಿದೀತೇ ಎಂದು ಕೇಳಿದ್ದೀರಿ. ಮಂಜೇಶ್ವರ ತಾಲೂಕಿನಲ್ಲಿ ಇಂಥ ಅರ್ಜಿಗಳ ಹಿಂದೆ ಓಡಾಡುವವನು ನಾನು. ಸಿಗುತ್ತದೆ. ಆದರೆ ಜಾಗ ಇದ್ದವರಿಗೆ ಸಿಕ್ಕಷ್ಟು ಬೇಗ ಸಿಗುವುದಿಲ್ಲ.

ಕೇರಳ ಸರಕಾರ ಲೈಫ್ ಮಿಷನ್ ಶುರು ಮಾಡಿದಾಗ ಮೊದಲು ಅರ್ಧಕ್ಕೆ ನಿಂತ ಮನೆಗಳನ್ನು ಮುಗಿಸಿತು, ಆಮೇಲೆ ಜಾಗವಿದ್ದು ಮನೆ ಇಲ್ಲದವರನ್ನು ಹಿಡಿಯಿತು. ಜಾಗ, ಮನೆ ಎರಡೂ ಇಲ್ಲದವರ ಸರದಿ ಮೂರನೆಯದು. ಜಾಗ ದಾನ ಮಾಡಿ ಎಂದು 2021ರಲ್ಲಿ ‘ಮನಸ್ಸೋಡಿತ್ತಿರಿ ಮಣ್ಣ್’ ಎಂಬ ಅಭಿಯಾನವನ್ನೇ ಸರಕಾರ ಶುರು ಮಾಡಬೇಕಾಯಿತು. ಮನೆಗಿಂತ ಮಣ್ಣೇ ಕಷ್ಟ ಎಂಬುದು ಅವರಿಗೂ ಗೊತ್ತು.

ಫಲಾನುಭವಿಗಳ ಪಟ್ಟಿಗೆ ಹೆಸರು ಸೇರಬೇಕಾದರೆ ಮೊದಲು ರೇಶನ್ ಕಾರ್ಡ್ ನೋಡಿ. ಯೋಜನೆಯ ಲೆಕ್ಕದಲ್ಲಿ ಒಂದು ಕಾರ್ಡ್ ಎಂದರೆ ಒಂದು ಕುಟುಂಬ. ಚಿಕ್ಕಮ್ಮನ ಹೆಸರು ಇನ್ನೂ ಮನೆ ಇರುವ ಅಣ್ಣನ ಕಾರ್ಡಿನಲ್ಲೇ ಇದ್ದರೆ ಅವರು ಮನೆ ಇಲ್ಲದವರೇ ಅಲ್ಲ ಎಂದಾಗುತ್ತದೆ. ಗಂಡ ತೀರಿಹೋದ ಮೇಲೆ ತವರಿನ ಕಾರ್ಡಿಗೆ ಸೇರಿದ ಎಷ್ಟೋ ಹೆಂಗಸರು ಹೀಗೇ ಪಟ್ಟಿಯಿಂದ ಹೊರಗುಳಿದದ್ದನ್ನು ಕಂಡಿದ್ದೇನೆ. ನನಗೆ ಅತ್ಯಂತ ಸಂಕಟವಾಗುವ ಸಂಗತಿ ಇದು.

ಯಾರಾದರೂ ಕಡಿಮೆ ಬೆಲೆಗೆ ಮೂರು ಸೆಂಟ್ಸ್ ಕೊಡುತ್ತೇನೆಂದರೆ ಆತುರಪಡಬೇಡಿ. ಬೈಲಿನಲ್ಲಿರುವ ಆ ಜಾಗ ದಾಖಲೆಯಲ್ಲಿ ಗದ್ದೆಯಾಗಿದ್ದರೆ 2008ರ ಭತ್ತದ ಗದ್ದೆ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಪಂಚಾಯತಿನಲ್ಲಿ ಸ್ವಂತ ಮನೆಗೆಂದು 10 ಸೆಂಟ್ಸ್ ವರೆಗೆ ಅನುಮತಿ ಕೇಳಲು ದಾರಿ ಇದೆ, ಆದರೆ ಅದಕ್ಕೆ ಕಚೇರಿ ಕಚೇರಿ ಅಲೆಯಬೇಕು. ಹಣ ಕೊಡುವ ಮೊದಲು ಕೃಷಿ ಭವನದಲ್ಲಿ ಡೇಟಾ ಬ್ಯಾಂಕ್, ಅಂದರೆ ಗದ್ದೆಗಳ ಪಟ್ಟಿ ನೋಡಿ, ವಿಲೇಜ್ ಆಫೀಸಿನಲ್ಲಿ ತೀರ್ವೆ (ಭೂ ತೆರಿಗೆ) ರಶೀದಿ ಯಾರ ಹೆಸರಲ್ಲಿದೆ ಎಂದು ಕೇಳಿ.

ಇನ್ನು 4 ಲಕ್ಷ. ಅದು ಒಟ್ಟಿಗೆ ಕೈಗೆ ಬರುವುದಿಲ್ಲ, ಕೆಲಸ ಏರಿದ ಹಾಗೆ ಕಂತಿನಲ್ಲಿ ಬರುತ್ತದೆ. ಮೊದಲ ಕಂತು ಸಣ್ಣದು, ಪಂಚಾಂಗ, ಅಂದರೆ ಅಡಿಪಾಯ, ಎದ್ದ ಮೇಲೆಯೇ ದೊಡ್ಡದು. ಗುಡ್ಡೆಯ ಮೇಲಿನ ಜಾಗವಾದರೆ ಲಾರಿ ಕೆಳಗೇ ನಿಲ್ಲುತ್ತದೆ, ಕೆಂಪುಕಲ್ಲು, ಹೊಯ್ಗೆ, ಸಿಮೆಂಟು ಎಲ್ಲ ಜೀಪಿನಲ್ಲೋ ತಲೆಹೊರೆಯಲ್ಲೋ ಏರಬೇಕು. ಕಲ್ಲಿನ ದುಡ್ಡಿನಷ್ಟೇ ಅದನ್ನು ಮೇಲೆ ತರುವ ಕೂಲಿಗೂ ಹೋಗುತ್ತದೆ. ಕಿವಿಯ ಓಲೆ ಅಡವಿಡುವುದು ಈ ಹಂತದಲ್ಲೇ. ಉದ್ಯೋಗ ಖಾತರಿಯಲ್ಲಿ ತಮ್ಮದೇ ಮನೆಯ ಕೆಲಸಕ್ಕೆ 90 ದಿನದ ಕೂಲಿ ಪಡೆಯುವ ಅವಕಾಶವಿತ್ತು, ಈಗ ಹೇಗಿದೆ ಎಂದು ವಿಇಒ (ಗ್ರಾಮ ವಿಸ್ತರಣಾ ಅಧಿಕಾರಿ) ಹತ್ತಿರ ಬಾಯಿಬಿಟ್ಟು ಕೇಳಿ. ಮನೆ ಚಿಕ್ಕದಿರಲಿ. ಅಡಿಪಾಯವನ್ನೇ ದೊಡ್ಡದು ಹಾಕಿ ಗೋಡೆಯಲ್ಲಿ ನಿಂತ ಮನೆಗಳು ನಮ್ಮೂರಲ್ಲಿ ಬೇಕಷ್ಟಿವೆ.

ಕೇಂದ್ರದ ವಸತಿ ಯೋಜನೆಯಾದ ಪಿಎಂಎವೈ ಗ್ರಾಮೀಣದಲ್ಲಿ ಬರುವ ಮನೆಯಾದರೆ ಆ 4 ಲಕ್ಷದಲ್ಲಿ ಕೇಂದ್ರದ ಪಾಲು 72,000 ರೂಪಾಯಿ, ಉಳಿದದ್ದು ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳದ್ದು. ಮನೆಯ ಮೇಲೆ ಕೇಂದ್ರದ ಲಾಂಛನ ಹಾಕಬೇಕೆಂದು ಜಗಳವಾದಾಗ ಕೇರಳ ಒಪ್ಪಲಿಲ್ಲ. ನನಗೂ ಅದೇ ಸರಿ ಎನಿಸುತ್ತದೆ. ಬಡವರ ಗೋಡೆ ಯಾರ ಜಾಹೀರಾತಿಗೂ ಅಲ್ಲ.

ಭಾಷೆಯ ವಿಷಯ ಬಿಡಬೇಡಿ. ನಮ್ಮ ಪಕ್ಕದ ವಾರ್ಡಿನ ಒಬ್ಬ ಅಜ್ಜಿಗೆ ಮಲಯಾಳದಲ್ಲಿ ನೋಟೀಸು ಬಂತು, ಓದಿ ಹೇಳುವವರಿಲ್ಲದೆ ಅಪೀಲಿನ ಗಡುವೇ ದಾಟಿತು. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲೇ ಕನ್ನಡಿಗರು ಕನ್ನಡದಲ್ಲಿ ಸರಕಾರದೊಡನೆ ವ್ಯವಹರಿಸುವ ಹಕ್ಕಿದೆ. ಅರ್ಜಿಯನ್ನು ಕನ್ನಡದಲ್ಲಿ ಬರೆಯಿರಿ, ಉತ್ತರವನ್ನೂ ಕನ್ನಡದಲ್ಲಿ ಕೇಳಿ, ಸ್ವೀಕೃತಿ ರಶೀದಿ ಇಟ್ಟುಕೊಳ್ಳಿ.

ಮನೆ ಸಿಗುವವರೆಗೆ ಈಗ ಇರುವ ಸೂರು ಕೈತಪ್ಪದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಮಾಲಕರು ದಿಢೀರನೆ ಖಾಲಿ ಮಾಡಿ ಎಂದರೆ ಹೆದರಿ ಸಾಮಾನು ಕಟ್ಟಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಇನ್ನೊಂದು ಪಂಚಾಯತಿಗೆ ಮನೆ ಬದಲಿಸುವ ಮೊದಲು ವಾರ್ಡ್ ಮೆಂಬರನ್ನು ಒಮ್ಮೆ ವಿಚಾರಿಸಿ, ಪಟ್ಟಿ ಇರುವುದು ಪಂಚಾಯತಿನ ಲೆಕ್ಕದಲ್ಲಿ. ಮುಂದಿನ ಗ್ರಾಮಸಭೆಗೆ ಚಿಕ್ಕಮ್ಮನನ್ನು ಕರೆದುಕೊಂಡು ಹೋಗಿ, ಅವರ ಹೆಸರನ್ನು ಅವರೇ ಎದ್ದು ಹೇಳಲಿ.