ಎಡಗಾಲಿನ ನೋವು, ಬಲಗಡೆ ಕಾಣುವ ಉಬ್ಬು

ಪ್ರಶ್ನೆ: ಡಾಕ್ಟ್ರೇ, ನನಗೆ 44 ವರ್ಷ. ಕೊಬ್ಬರಿ ಮಂಡಿಯಲ್ಲಿ ಚೀಲ ಎತ್ತುವ ಕೆಲಸ. ಏಳು ವಾರದಿಂದ ಸೊಂಟ ಹಿಡಿದಿದೆ. ಎಡ ತೊಡೆಯ ಹಿಂದಿನಿಂದ ಸೆಳೆತ ಶುರುವಾಗಿ, ಮೀನಖಂಡದ ಹೊರಬದಿಯಲ್ಲಿ ಇಳಿದು, ಕಾಲಿನ ಹೆಬ್ಬೆರಳವರೆಗೆ ಹೋಗುತ್ತದೆ. ಎಂಆರ್‌ಐ ಮಾಡಿಸಿದೆವು. ಮೂರು ಡಿಸ್ಕ್ ಕೆಟ್ಟಿವೆ ಎಂದು ರಿಪೋರ್ಟಿನಲ್ಲಿದೆ. ಎಲ್2 ಮೂಳೆಯಲ್ಲಿ ‘ಹೀಮ್ಯಾಂಜಿಯೋಮಾ’ ಅಂತಲೂ ಬರೆದಿದ್ದಾರೆ. ಮಗ ಫೋನಿನಲ್ಲಿ ಹುಡುಕಿ ಅದು ಗಡ್ಡೆ ಅಂದ. ಅವತ್ತಿನಿಂದ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಇನ್ನೊಂದು ವಿಷಯ. ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರೆ ಡಿಸ್ಕಿನ ಉಬ್ಬು ಬಲಗಡೆ ಕಾಣುತ್ತದೆ. ನೋವಿರುವುದು ಎಡಗಾಲಲ್ಲಿ. ಬೇರೆಯವರ ಫಿಲ್ಮ್ ಕೊಟ್ಟುಬಿಟ್ಟರಾ? ಆಪರೇಷನ್ ಬೇಕಾಗುತ್ತದಾ?
— ತಿಪಟೂರಿನ ಓದುಗರು

ಉತ್ತರ: ಮೊದಲು ನಿದ್ದೆ ಕೆಡಿಸಿರುವ ಆ ಗಡ್ಡೆಯ ವಿಷಯ. ಹೀಮ್ಯಾಂಜಿಯೋಮಾ ಅಂದರೆ ಮೂಳೆಯೊಳಗೆ ಸಣ್ಣ ರಕ್ತನಾಳಗಳು ಮತ್ತು ಕೊಬ್ಬು ಸೇರಿಕೊಂಡಿರುವ ಒಂದು ಚುಕ್ಕೆ. ಸುಮಾರು ಹತ್ತು ಜನರಲ್ಲಿ ಒಬ್ಬರ ಬೆನ್ನುಮೂಳೆಯಲ್ಲಿ ಇದು ಇರುತ್ತದೆ. ಕ್ಯಾನ್ಸರ್ ಅಲ್ಲ. ತೊಂದರೆ ಕೊಡುವುದು ತೀರಾ ಅಪರೂಪ. ಕಣ್ಣಿಗೆ ಬಿದ್ದದ್ದನ್ನು ಬರೆಯುವುದು ಸ್ಕ್ಯಾನ್ ನೋಡಿ ರಿಪೋರ್ಟ್ ಕೊಡುವ ನಮ್ಮಂಥ ಡಾಕ್ಟರುಗಳ ಕೆಲಸ, ಅದಕ್ಕೇ ಬರೆದಿರುತ್ತೇವೆ. ಈ ಮಾತನ್ನು ಮನೆಯವರಿಗೆ ಇವತ್ತೇ ಓದಿ ಹೇಳಿ.

ಫಿಲ್ಮ್ ನಿಮ್ಮದೇ ಇರಬೇಕು. ಮೂಲೆಯಲ್ಲಿ ಹೆಸರು, ವಯಸ್ಸು, ತಾರೀಕು ಇರುತ್ತದೆ, ಒಮ್ಮೆ ನೋಡಿಕೊಳ್ಳಿ. ಅಡ್ಡ ಸೀಳಿದಂತೆ ಕಾಣುವ ಚಿತ್ರಗಳನ್ನು, ಅಂಗಾತ ಮಲಗಿದವರ ಕಾಲಬಳಿ ನಿಂತು ತಲೆಯ ಕಡೆ ನೋಡಿದ ಹಾಗೆ ಜೋಡಿಸುತ್ತಾರೆ. ನಿಮ್ಮ ಎಡಭಾಗ ಚಿತ್ರದ ಬಲಗಡೆಗೆ ಬರುತ್ತದೆ. ಎದುರಿಗೆ ನಿಂತವರ ಎಡಗೈ ನಮ್ಮ ಬಲಕ್ಕೆ ಕಾಣುತ್ತದಲ್ವಾ, ಹಾಗೆ. ನೀವು ಕಳಿಸಿದ ರಿಪೋರ್ಟಿನಲ್ಲೂ ‘ಲೆಫ್ಟ್’ (ಎಡ) ಎಂದೇ ಇದೆ.

ಈಗ ಡಿಸ್ಕಿಗೆ ಬರೋಣ. ಸೊಂಟದ ಭಾಗದಲ್ಲಿ ಐದು ಮೂಳೆಗಳು ಒಂದರ ಮೇಲೊಂದು ಕೂತಿವೆ. ಮೇಲಿನಿಂದ ಎಲ್1, ಎಲ್2 ಎಂದು ಎಣಿಸುತ್ತೇವೆ. ಎಲ್5ರ ಕೆಳಗಿನದು ಎಸ್1. ಎರಡು ಮೂಳೆಗಳ ನಡುವಿನ ಮೆತ್ತೆಯೇ ಡಿಸ್ಕ್. ಅದಕ್ಕೆ ತನ್ನದೇ ಹೆಸರಿಲ್ಲ, ಮೇಲಿನ ಮತ್ತು ಕೆಳಗಿನ ಮೂಳೆಯ ಹೆಸರಿನಿಂದಲೇ ಕರೆಯುತ್ತೇವೆ. ಟಿ2 ಎಂಬ ಬಗೆಯ ಚಿತ್ರದಲ್ಲಿ ನೀರು ಬೆಳ್ಳಗೆ ಕಾಣುತ್ತದೆ. ಚಿಕ್ಕ ವಯಸ್ಸಿನ ಡಿಸ್ಕ್ ನಡುವೆ ಬೆಳ್ಳಗಿರುತ್ತದೆ. ವರ್ಷ ಕಳೆದಂತೆ ನೀರು ಇಂಗಿ ಕಪ್ಪಾಗುತ್ತದೆ. ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅಟ್ಟದ ಮೇಲಿನ ಕಾಯಿ ತಿಂಗಳುಗಟ್ಟಲೆ ಕೂತು, ಒಳಗಿನ ನೀರು ಇಂಗಿ ಕೊಬ್ಬರಿಯಾಗುತ್ತದೆ. ನಾವು ‘ಡೆಸಿಕೇಷನ್’ ಎಂದು ಬರೆಯುವುದು ಇದನ್ನೇ. ನಿಮ್ಮ ಎಲ್5-ಎಸ್1ರಲ್ಲಿ ಇರುವುದೂ ಅಷ್ಟೇ.

ಎಲ್3-ಎಲ್4ರ ‘ಮೈಲ್ಡ್ ಡಿಫ್ಯೂಸ್ ಬಲ್ಜ್’ ಅಂದರೆ ಡಿಸ್ಕ್ ಸುತ್ತಲೂ ತುಸು ಚಪ್ಪಟೆಯಾಗಿ ಹೊರಬಂದಿದೆ. ನಮ್ಮಲ್ಲಿಗೆ ಹೊಸ ಮಷೀನು ಬಂದಾಗ, ಪರೀಕ್ಷೆಗೆಂದು ನಾನೇ ಅದರೊಳಗೆ ಮಲಗಿದ್ದೆ. ಆಗ ನನಗೆ 39. ಒಂದು ದಿನವೂ ಸೊಂಟ ನೋವು ಕಂಡವಳಲ್ಲ. ಕೆಳಗಿನ ಎರಡೂ ಡಿಸ್ಕ್ ಕಪ್ಪಾಗಿದ್ದವು, ಒಂದು ಉಬ್ಬಿತ್ತು. ಇದು ನನ್ನೊಬ್ಬಳ ಕಥೆಯಲ್ಲ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಸ್ಕ್ಯಾನ್ ನೋಡಿದರು. ಎಲ್ಲಾ ಡಿಸ್ಕೂ ಸರಿ ಇದ್ದವರು ಶೇ 36 ಮಾತ್ರ. 2015ರಲ್ಲಿ ಇಂಥದ್ದೇ 3,110 ಜನರ ಲೆಕ್ಕವನ್ನು ಒಟ್ಟುಗೂಡಿಸಿದಾಗ, ನೋವಿಲ್ಲದ 40 ವರ್ಷದವರಲ್ಲಿ ಅರ್ಧದಷ್ಟು ಜನರಿಗೆ ಡಿಸ್ಕ್ ಉಬ್ಬಿತ್ತು. ಹಾಗಾಗಿ ‘ಮೂರು ಡಿಸ್ಕ್ ಕೆಟ್ಟಿವೆ’ ಎನ್ನಬೇಡಿ.

ಉಳಿದದ್ದು ಒಂದು ಸಾಲು. ಎಲ್4-ಎಲ್5ರಲ್ಲಿ ‘ಲೆಫ್ಟ್ ಪ್ಯಾರಾಸೆಂಟ್ರಲ್ ಪ್ರೊಟ್ರೂಷನ್’, ಅಂದರೆ ನಡುವಿನಿಂದ ತುಸು ಎಡಕ್ಕೆ ಡಿಸ್ಕ್ ಹೊರಚಾಚಿದೆ, ಅದು ಎಡ ಎಲ್5 ನರಕ್ಕೆ ತಾಗಿದೆ. ನಾನು ಬೆರಳಿಟ್ಟು ತೋರಿಸುವ ಸಾಲು ಇದು. ಯಾಕೆಂದರೆ ಎಲ್5 ನರ ಕೆಳಗೆ ಇಳಿಯುವಾಗ ಈ ಡಿಸ್ಕಿನ ಬೆನ್ನಿಗೇ ಹಾದುಹೋಗುತ್ತದೆ. ಅದಕ್ಕೆ ಕಿರಿಕಿರಿಯಾದರೆ ಮೀನಖಂಡದ ಹೊರಬದಿ, ಪಾದದ ಮೇಲ್ಭಾಗ, ಹೆಬ್ಬೆರಳು ನೋಯುತ್ತವೆ ಇಲ್ಲವೇ ಜೋಮು ಹಿಡಿಯುತ್ತವೆ. ನೀವು ಬರೆದ ದಾರಿ ಅದೇ! ನೋವು ಹಿಮ್ಮಡಿ ಮತ್ತು ಕಿರುಬೆರಳ ಕಡೆ ಹೋಗಿದ್ದರೆ ನಾನು ಎಸ್1 ನರವನ್ನು ಅನುಮಾನಿಸುತ್ತಿದ್ದೆ. ಆಗ ಈ ಉಬ್ಬನ್ನು ದೂರಲು ಬರುತ್ತಿರಲಿಲ್ಲ.

ನನ್ನ ಮನಸ್ಸಿಗೆ ಚುಚ್ಚುವ ಒಂದು ಸಂಗತಿಯಿದೆ. ಎಷ್ಟೋ ಸಲ ನಮಗೆ ಬರುವ ಚೀಟಿಯಲ್ಲಿ ‘ಬೆನ್ನುನೋವು’ ಎಂದಷ್ಟೇ ಇರುತ್ತದೆ. ಯಾವ ಕಾಲು, ಎಷ್ಟು ದಿನದಿಂದ, ಎಲ್ಲಿಯವರೆಗೆ, ಏನೂ ಇರುವುದಿಲ್ಲ. ರೋಗಿಯ ಮುಖ ನೋಡದೆ ಬರೆದ ರಿಪೋರ್ಟಿನಲ್ಲಿ ಎಲ್ಲ ಸಾಲಿಗೂ ಒಂದೇ ತೂಕ ಬಂದುಬಿಡುತ್ತದೆ. ಸ್ಕ್ಯಾನಿಗೆ ಹೋಗುವವರು ದಯವಿಟ್ಟು ಟೆಕ್ನಿಷಿಯನ್‌ಗೆ ನೋವಿನ ಜಾಗವನ್ನು ಕೈಯಿಟ್ಟು ತೋರಿಸಿ, ಬರೆದುಕೊಳ್ಳಿ ಎಂದು ಕೇಳಿ.

ಆಪರೇಷನ್ ಬೇಕೋ ಬೇಡವೋ ಎನ್ನುವುದನ್ನು ಫಿಲ್ಮ್ ಒಂದೇ ಹೇಳಲಾರದು. ಇಂಥ ಕಾಲುಸೆಳೆತದಲ್ಲಿ ಹೆಚ್ಚಿನವು ಆರರಿಂದ ಹನ್ನೆರಡು ವಾರದಲ್ಲಿ ತಾವಾಗಿಯೇ ಇಳಿಯುತ್ತವೆ. ಹೊರಬಂದ ಡಿಸ್ಕನ್ನು ದೇಹವೇ ಕರಗಿಸುವುದೂ ಉಂಟು. ಜಾಸ್ತಿ ಬಂದದ್ದು ಇನ್ನೂ ಚೆನ್ನಾಗಿ ಕರಗುತ್ತದೆ. ಸದ್ಯಕ್ಕೆ ಚೀಲ ಎತ್ತಬೇಡಿ, ಆದರೆ ಹಾಸಿಗೆಯನ್ನೂ ಹಿಡಿಯಬೇಡಿ. ಆಗುವಷ್ಟು ನಡೆದಾಡಿ. ಬಲಗಾಲಿನಲ್ಲಿ ಆಗುವ ಹಾಗೆಯೇ ಎಡ ಹಿಮ್ಮಡಿಯ ಮೇಲೂ ನಡೆಯಲು, ಹೆಬ್ಬೆರಳನ್ನು ಮೇಲೆತ್ತಲು ಆಗುತ್ತದೆಯೇ ಎಂದು ನಿಮ್ಮ ಮೂಳೆ ಡಾಕ್ಟರು ನೋಡಬೇಕು. ಬಲ ಕಡಿಮೆಯಾಗುತ್ತಿದ್ದರೆ, ಅಥವಾ ವಾರಗಳು ಕಳೆದರೂ ನೋವು ತಡೆಯಲಾಗದಿದ್ದರೆ ಆಪರೇಷನ್ ಮಾತು ಬರುತ್ತದೆ.

ಒಂದಕ್ಕೆ ಮಾತ್ರ ಕಾಯಬೇಡಿ. ಮೂತ್ರ ಕಟ್ಟಿದರೆ, ಅಥವಾ ಮೂತ್ರ, ಮಲ ಅರಿವಿಲ್ಲದೆ ಹೋದರೆ, ತೊಡೆಗಳ ಸಂದಿಯಲ್ಲಿ, ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಪಾದ ಜೋತುಬಿದ್ದರೆ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಅಮ್ಮನಿಗೆ 68. ದೇವಸ್ಥಾನದವರೆಗೂ ನಡೆಯಲಾರರು, ಎರಡೂ ಕಾಲು ಭಾರ. ಕಟ್ಟೆಯ ಮೇಲೆ ಐದು ನಿಮಿಷ ಕೂತರೆ ಸರಿಹೋಗುತ್ತದೆ. ರಿಪೋರ್ಟಿನಲ್ಲಿ ‘ಕೆನಾಲ್ ಸ್ಟೆನೋಸಿಸ್’ ಎಂದಿದೆ. ಆದರೆ ಮಲಗಿದರೆ ಏನೂ ನೋವಿಲ್ಲ. ಇದು ಸುಮ್ನೆ ವಯಸ್ಸಿನದಾ?
— ಶಿರಸಿಯ ಓದುಗರು

ಉತ್ತರ: ಇಲ್ಲಿ ರಿಪೋರ್ಟೂ ಕಾಲೂ ಒಂದೇ ಮಾತು ಹೇಳುತ್ತಿವೆ. ನರಗಳು ಇಳಿಯುವ ಕೊಳವೆ ಕಿರಿದಾಗಿದೆ. ನಿಂತಾಗ, ನಡೆದಾಗ ಇನ್ನಷ್ಟು ಕಿರಿದಾಗುತ್ತದೆ, ಕೂತು ಮುಂದಕ್ಕೆ ಬಾಗಿದರೆ ಅಗಲವಾಗುತ್ತದೆ. ಎಂಆರ್‌ಐಯನ್ನು ಸಾಮಾನ್ಯವಾಗಿ ಮಲಗಿಸಿಯೇ ತೆಗೆಯುವುದರಿಂದ, ನಡೆಯುವಾಗಿನ ಇಕ್ಕಟ್ಟು ಚಿತ್ರಕ್ಕಿಂತ ಜಾಸ್ತಿ ಇರಬಹುದು. ಕಾಲಿನ ರಕ್ತನಾಳ ಕಟ್ಟಿಕೊಂಡರೂ ಹೀಗೇ ಆಗುತ್ತದೆ. ಆದರೆ ಅದರಲ್ಲಿ ಸುಮ್ಮನೆ ನಿಂತರೂ ನೋವು ಇಳಿಯುತ್ತದೆ, ಕೂರಲೇಬೇಕೆಂದಿಲ್ಲ. ಡಾಕ್ಟರಿಗೆ ತೋರಿಸುವಾಗ ಅಮ್ಮ ಎಷ್ಟು ದೂರ ನಡೆದು ನಿಲ್ಲುತ್ತಾರೆ, ನಿಂತರೆ ಸಾಕೋ ಕೂರಬೇಕೋ ಎಂಬುದನ್ನು ಹೇಳಿ. ಪಾದದ ನಾಡಿಯನ್ನೂ ಮುಟ್ಟಿ ನೋಡಲು ಕೇಳಿ.